ಕುರಿ ತುಳಿದ ಕಣದ ಶುಂಠಿ

ಹೊಸಬಾಳೆಯಲ್ಲಿ ಶುಂಠಿ ಒಣಗಿಸುವ ಕಾಲ ಬಂತೆಂದರೆ ನಾನು ಶಿಕಾರಿಪುರದಿಂದ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿಬಿಡುತ್ತೇನೆ. ಕೆಲಸಕ್ಕಲ್ಲ. ಬಿದಿರಿನ ಚಕ್ಕೆಯಲ್ಲಿ ಶುಂಠಿ ಸಿಪ್ಪೆ ಕೆರೆಯಲು ಕೂತರೆ ಸಿಪ್ಪೆಗಿಂತ ನನ್ನ ಹೆಬ್ಬೆರಳೇ ಹೆಚ್ಚು ಸವೆಯುತ್ತದೆ. ನನ್ನನ್ನು ಕರೆಯುವುದು ಇಂಗ್ಲಿಷಿಗೆ. ತಂಗಿ ಮತ್ತು ಊರಿನ ಕೆಲವು ಹೆಂಗಸರು ಸೇರಿ ಕಟ್ಟಿಕೊಂಡ ಗುಂಪಿನ ಒಣಶುಂಠಿ ಒಬ್ಬ ಎಕ್ಸ್‌ಪೋರ್ಟರ್ ಮೂಲಕ ಯುರೋಪಿಗೆ ಹೋಗುತ್ತದೆ. ಅಲ್ಲಿಂದ ತಿರುಗಿ ಬರುವ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ತಂಗಿಯ ಹೊತ್ತಿಗೆ ಅಪ್ಪನಿಗೆ ವರ್ಗವಾಗಿ ಅವಳು ಹಳ್ಳಿ ಶಾಲೆಗೆ ಹೋದಳು. ಅಂದಿನಿಂದ ಇಂಗ್ಲಿಷ್ ನನ್ನ ಪಾಲಿಗೆ, ಉಳಿದ ಬುದ್ಧಿಯೆಲ್ಲ ಅವಳ ಪಾಲಿಗೆ ಎಂದು ಅವಳೇ ಹಂಚಿಬಿಟ್ಟಿದ್ದಾಳೆ.

ಈ ಸಲ ಬಸ್ಸಿಳಿದು ಹೋದಾಗ ಕಣದಲ್ಲಿ ಹೆಂಗಸರೆಲ್ಲ ಇದ್ದರು, ಮಾತಿರಲಿಲ್ಲ. ಚಕ್ಕೆಗಳ ಕೆರೆತ ಮಾತ್ರ ಕೇಳುತ್ತಿತ್ತು. ನನ್ನ ಬ್ಯಾಗು ಜಗಲಿ ಮುಟ್ಟುವ ಮೊದಲೇ ತಂಗಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದಳು.

"ಅಕ್ಕಾ, ಇದನ್ನ ಓದು. ದೊಡ್ಡಕೆ ಓದ್ಬೇಡ."

ಲ್ಯಾಬ್ ರಿಪೋರ್ಟ್. ಉದ್ದಕ್ಕೂ ಕ್ರಿಮಿನಾಶಕಗಳ ಹೆಸರು, ಎಲ್ಲದರ ಮುಂದೆ 'ನಾಟ್ ಡಿಟೆಕ್ಟೆಡ್'. ಒಂದರ ಮುಂದೆ ಮಾತ್ರ ಕೆಂಪಕ್ಷರ. ಅಮಿಟ್ರಾಜ್ ಎಂಬ ಹೆಸರು. ಅದರ ಪಕ್ಕದಲ್ಲಿ 'ಎಕ್ಸೀಡ್ಸ್ ಲಿಮಿಟ್'.

"ಫೇಲಾ?"

"ಫೇಲು."

"ನಾವು ಎಂತದೂ ಹೊಡೆದಿಲ್ಲಲ್ಲ ಮಾರಾಯ್ತಿ! ಬೇವಿನಹಿಂಡಿ ಬಿಟ್ರೆ ಆ ಗಿಡ ಮತ್ತೊಂದು ಕಂಡಿಲ್ಲ."

ಹಿಂದಿನ ವಾರವಷ್ಟೇ ಎಕ್ಸ್‌ಪೋರ್ಟರ್ ಕಡೆಯ ಮನುಷ್ಯ ಫೋನಿನಲ್ಲಿ ಹಿಗ್ಗಿ ಮಾತಾಡಿದ್ದನಂತೆ. ಯುರೋಪಿನ ಜೊತೆ ಟ್ರೇಡ್ ಡೀಲ್ ಆಗುತ್ತದೆ, ಸುಂಕ ಇಳಿಯುತ್ತದೆ, ನಿಮ್ಮ ಶುಂಠಿಗೆ ರಾಜಮರ್ಯಾದೆ ಎಂದು. ಈಗ ಅದೇ ದನಿ ಬೇರೆ ರಾಗದಲ್ಲಿತ್ತು. ತಂಗಿ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಯಾರದೋ ಒಬ್ಬರ ಚೀಲ ಕೆಟ್ಟಿರ್ತದೆ ಮೇಡಂ. ಸ್ಯಾಂಪಲ್ ಎಲ್ಲರದೂ ಸೇರ್ಸಿ ತೆಗ್ದಿದ್ದು. ಆ ಚೀಲ ಯಾರದು ಅಂತ ನೀವೇ ನೋಡಿ ತೆಗೀರಿ. ನಾಳೆ ಬರ್ತೀನಿ, ಉಳಿದಿದ್ದನ್ನ ಇನ್ನೊಂದು ಟೆಸ್ಟಿಗೆ ಕಳಿಸಣ. ಅದೂ ಫೇಲಾದ್ರೆ ನಿಮ್ಮ ಗುಂಪಿನ ಹೆಸರೇ ಲಿಸ್ಟಿಂದ ಹೋಗ್ತದೆ."

"ಸುಂಕ ಇಳೀತದೆ ಅಂದ್ರಲ್ಲ ನೀವು?"

"ಸುಂಕ ಬೇರೆ, ಸೇಫ್ಟಿ ಬೇರೆ ಮೇಡಂ. ಸುಂಕದ ಗೇಟು ತೆಗೆದ್ರೂ ಲ್ಯಾಬಿನ ಗೇಟು ಅಲ್ಲೇ ಇರ್ತದೆ."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ತಂಗಿ ಗೊಣಗುತ್ತ ಫೋನ್ ಇಟ್ಟಳು. ಆ ಕ್ಷಣದಲ್ಲೇ ಕಣದಲ್ಲಿದ್ದ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದ್ದನ್ನು ನಾನು ಕಂಡೆ. ಹಲಸಿನ ಮರದ ಬುಡದಲ್ಲಿ ಕೂತು ಶುಂಠಿ ಕೆರೆಯುತ್ತಿದ್ದ ಪಕ್ಕದ ಮನೆಯವಳ ಕಡೆ.

ಅವಳ ಶುಂಠಿ ಪಾತಿಗೆ ಒತ್ತಿಕೊಂಡೇ ಬೇರೆಯವರ ಮೆಕ್ಕೆಜೋಳದ ಹೊಲ. ಹುಳ ಬಿತ್ತೆಂದು ಅವರು ಔಷಧಿ ಹೊಡೆದದ್ದನ್ನು ಊರೆಲ್ಲ ನೋಡಿದೆ. ಆದರೆ ತಂಗಿ ಮದುವೆಯಾಗಿ ಈ ಊರಿಗೆ ಬಂದಾಗ ಶುಂಠಿ ಕೆರೆಯಲು ಕಲಿಸಿದವಳೂ ಅವಳೇ. ಕಣದಲ್ಲಿ ಅವಳ ಜಾಗ ತಂಗಿಯ ಪಕ್ಕ, ಬೇರೆ ಯಾರೂ ಅಲ್ಲಿ ಕೂರುವುದಿಲ್ಲ.

"ಎಂತ ನನ್ನೇ ನೋಡ್ತೀರಿ?" ಎಂದಳು ಅವಳು. "ನನ್ನ ಮುಖದಲ್ಲಿ ರಿಪೋರ್ಟ್ ಬರ್ದೈತಾ?"

"ನಿನ್ನ ಪಾತಿ ಪಕ್ಕ ಔಷಧಿ ಹೊಡೆದದ್ದು ಸುಳ್ಳೇನೆ?" ಎಂದಳು ಇನ್ನೊಬ್ಬಳು.

"ಗಾಳಿಗೆ ನಾನು ಬೇಲಿ ಹಾಕಕ್ಕಾಗ್ತದಾ?"

ತಂಗಿ ಅವಳ ಪರ ನಿಲ್ಲದೆ ಮೊಬೈಲ್ ನೋಡತೊಡಗಿದಳು. ಪಕ್ಕದ ಮನೆಯವಳು ಮಡಿಲಿನ ಸಿಪ್ಪೆ ಕೊಡವಿ, ಚಕ್ಕೆಯನ್ನು ಅಲ್ಲೇ ಬಿಟ್ಟು ಎದ್ದುಹೋದಳು. ನಾಳೆ ಆ ಮನುಷ್ಯ ಬಂದಾಗ ಅವಳ ಚೀಲ ಹೊರಗೆ, ಅವಳೂ ಹೊರಗೆ. ಊರಿನಲ್ಲಿ ಅವಳಿಗೆ ಶುಂಠಿಗೆ ವಿಷ ಸೇರಿಸಿದವಳು ಎಂಬ ಹೆಸರು ಅಂಟಿದರೆ ಹೋಗುವುದು ಯಾವ ಕಾಲಕ್ಕೆ?

ನನಗೆ ಕಾನ್ವೆಂಟಿನ ಗೇಟು ನೆನಪಾಯಿತು. ಅಸೆಂಬ್ಲಿಗೆ ಮುಂಚೆ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು. ಮೆಹಂದಿಯ ಬಣ್ಣ ಕಂಡರೂ 'ಡರ್ಟಿ' ಎಂದು ಸಾಲಿನಿಂದ ಆಚೆ ನಿಲ್ಲಿಸುತ್ತಿದ್ದರು. ಸಂಜೆ ಮನೆಗೆ ಬಂದರೆ, ಸಿಸ್ಟರ್ ಶಭಾಷ್ ಎಂದಿದ್ದ ಅದೇ ಇಸ್ತ್ರಿ ಯೂನಿಫಾರ್ಮ್ ಮೈಲಿಗೆ. ಅದನ್ನು ಬಿಚ್ಚದೆ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ ಎಂದು ಅಜ್ಜಿ ತಡೆಯುತ್ತಿದ್ದರು. ಎರಡು ಗೇಟಿನಲ್ಲೂ ನಾನು ಅದೇ ಹುಡುಗಿ, ಕೈಕಾಲು ಅವೇ. ಪ್ರತಿದಿನ ಒಂದು ಕಡೆ ಪಾಸು, ಒಂದು ಕಡೆ ಫೇಲು.

ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿದ್ದಾಗ ಕುರಿಯವಳು ಬಂದಳು. ತಾಳಗುಂದದ ಕಡೆಯವರು ಅವರು, ಭತ್ತದ ಕಟಾವು ಮುಗಿದ ಮೇಲೆ ಮಂದೆ ಹೊಡೆದುಕೊಂಡು ಈ ಕಡೆ ಬರುತ್ತಾರೆ. ರೈತರು ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ತಂಗಿ ಇನ್ನೂ ಒಂದು ಕೆಲಸಕ್ಕೆ ಕರೆಯುತ್ತಾಳೆ. ಅಂಗಳ ಅಗೆದು, ನೀರು ಚೆಲ್ಲಿ, ಹಸಿಮಣ್ಣಿನ ಮೇಲೆ ಮಂದೆಯನ್ನು ಗಿರಗಿರ ತಿರುಗಿಸಿ ತುಳಿಸುವುದು. ಆ ಚೂಪು ಗೊರಸಿಗೆ ಮಣ್ಣು ಕಲ್ಲಿನಂತೆ ಕೂರುತ್ತದೆ. ಮೇಲೆ ಸಗಣಿ ಸಾರಿಸಿದರೆ ಕಣ ಸಿದ್ಧ, ಗುಂಪಿನವರೆಲ್ಲ ಶುಂಠಿ ಒಣಹಾಕುವುದು ಅಲ್ಲೇ. ತಂಗಿಯ ಕಣದ ಶುಂಠಿಯಲ್ಲಿ ಒಂದು ಹರಳು ಸಿಗುವುದಿಲ್ಲವೆಂದು ಎಕ್ಸ್‌ಪೋರ್ಟರೇ ಹೊಗಳಿದ್ದಾನೆ.

ಕುರಿಯವಳ ಕೈಯಲ್ಲಿ ಖಾಲಿ ಬಾಟಲಿ ಇತ್ತು. ಇಂಗ್ಲಿಷ್ ಅಕ್ಷರ ಇರುವ ಯಾವುದೇ ವಸ್ತು ಆ ಊರಿನಲ್ಲಿ ಕೊನೆಗೆ ನನ್ನ ಕೈಗೇ ಬರುತ್ತದೆ.

"ಅಮ್ಮಾರ, ಇದ್ರಾಗ ಎಷ್ಟ್ ನೀರಿಗೆ ಎಷ್ಟ್ ಹಾಕ್ಬೇಕಂತ ಬರ್ದೈತಿ ನೋಡ್ರಿ. ಹೋದ್ ಸಲ ಅಂದಾಜಿನ್ಯಾಗ ಸುರುವಿದ್ವಿ. ಉಣ್ಣಿ ಸತ್ವು, ಜೊತಿಗೆ ಕುರೀನೂ ಮಂಕಾದ್ವು."

ಕನ್ನಡಕ ಏರಿಸಿ ನೋಡಿದೆ. ಅಮಿಟ್ರಾಜ್. ಒಂದು ಸಲ ಓದಿದೆ, ಬೆರಳಿಟ್ಟು ಇನ್ನೊಂದು ಸಲ ಓದಿದೆ.

"ಹೋದ ಸಲ ಅಂದ್ರೆ ಯಾವಾಗ ಹಾಕಿದ್ದು?"

"ಹೋದ ತಿಂಗ್ಳ ಇಲ್ಲಿಗೆ ಕಣ ತುಳಸಾಕ ಬರೋ ಹಿಂದಿನ ದಿನಾರೀ. ಮೈಯೆಲ್ಲಾ ಚಂದಾಗಿ ತೋಯ್ಸಿದ್ವಿ. ಅಕ್ಕಾರು ಅನ್ನ ಹಾಕೋ ಮಂದಿ. ಅವ್ರ ಅಂಗಳಕ್ಕ ಉಣ್ಣಿ ತರಬಾರ್ದಲ್ರೀ?"

ಅಳತೆ ಓದಿ ಹೇಳಿದೆ. ಅವಳು ಖುಷಿಯಾಗಿ ಹೋದಳು. ನಾನು ಮಾತ್ರ ಅಲ್ಲೇ ಕೂತಿದ್ದೆ, ರಿಪೋರ್ಟಿನ ಕೆಂಪಕ್ಷರ ಕಣ್ಣ ಮುಂದಿತ್ತು. ತೊಯ್ದ ಉಣ್ಣೆಯಿಂದ ತೊಟ್ಟಿಕ್ಕಿದ್ದು ಹಸಿಮಣ್ಣಿಗೆ, ಮಣ್ಣಿನಿಂದ ಶುಂಠಿಗೆ. ಒಬ್ಬರ ಶುಂಠಿಗಲ್ಲ, ಆ ಕಣದಲ್ಲಿ ಹರಡಿದ ಪ್ರತಿಯೊಬ್ಬಳ ಶುಂಠಿಗೂ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಂಗಿಗೆ ಹೇಳಿದೆ. ಅವಳ ಕೈ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಬಡಿಯತೊಡಗಿದಳು.

"ಸುಮ್ನಿರು ಅಕ್ಕಾ. ಅವಳ ಚೀಲ ತೆಗೆದ್ರೆ ಉಳಿದದ್ದು ಪಾಸಾದ್ರೂ ಆಗ್ಬೌದು."

"ಎಲ್ಲ ಒಂದೇ ಕಣದಲ್ಲಿ ಒಣಗಿದ್ದು ಕಣೇ. ಹೇಗೆ ಆಗುತ್ತೆ?"

"ಆಗ್ದಿದ್ರೆ ಆವಾಗ ನೋಡಣ."

"ಅಷ್ಟರಲ್ಲಿ ಅವಳ ಹೆಸರು ಹಾಳಾಗಿರುತ್ತೆ. ಇಟ್ಸ್ ನಾಟ್ ಫೇರ್."

"ನಿನ್ನ ಇಂಗ್ಲಿಷ್ ನಿಂಗೇ ಇರ್ಲಿ!" ಎಂದಳು ತಂಗಿ. "ಕುರಿ ಕರೆಸಿದ್ದು ಯಾರು? ನಾನು. ಅಷ್ಟೂ ಜನರ ಶುಂಠಿ ನನ್ನ ಅಂಗಳದಲ್ಲೇ ಕೆಟ್ಟಿತು ಅಂತ ನಾನೇ ಸಾರ್ಬೇಕಾ? ಸಿಸ್ಟರುಗಳು ನಿಂಗೆ ಕಲ್ಸಿದ್ದು ಇದೇನಾ, ಒಡಹುಟ್ಟಿದವಳ ಮಾನ ತೆಗೆಯೋದು?"

ಅವಳು ಬಾಯಿ ತೆರೆಯದಿದ್ದರೆ ನಾನು ತೆರೆಯಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಮಾಡಿಕೊಂಡೆನೇ? ಈಗಲೂ ಖಚಿತವಾಗಿ ಹೇಳಲಾರೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಇಬ್ಬರೂ ಅದನ್ನು ತೆಗೆಯಲಿಲ್ಲ.

ಹೊರಗೆ ಗಾಡಿಯ ಸದ್ದಾಯಿತು. ಎಕ್ಸ್‌ಪೋರ್ಟರ್ ಕಡೆಯ ಮನುಷ್ಯ ಬಂದಿದ್ದ. ಹೆಂಗಸರೆಲ್ಲ ಕಣದ ಸುತ್ತ ಸೇರಿದ್ದರು. ಅವನು "ಯಾರ ಚೀಲ ಅಂತ ಗೊತ್ತಾಯ್ತಾ?" ಎಂದು ಕೇಳುವ ಹೊತ್ತಿಗೆ ಪಕ್ಕದ ಮನೆಯವಳೇ ತನ್ನ ಚೀಲವನ್ನು ದರದರ ಎಳೆದುಕೊಂಡು ಬಂದು ಕಣದ ನಡುವೆ ಕೆಡವಿದಳು.

"ತಗಳಿ, ನಂದೇ ಅಂತ ಬರ್ಕಳಿ. ನಾನು ಹೊಡೆದಿಲ್ಲ, ಆಣೆ ಮಾಡ್ತೀನಿ. ಆದ್ರೂ ಗಾಳಿಗೆ ಬಂದಿದ್ರೂ ಬಂದೀತು. ಉಳಿದವ್ರದ್ದಾದ್ರೂ ಹಡಗು ಹತ್ಲಿ."

ಅವನು ಜೇಬಿನಿಂದ ಪೆನ್ನು ತೆಗೆದ. ನಾನು ಇನ್ನೇನು ಹೇಳಬೇಕು ಎನ್ನುವಾಗ ತಂಗಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದಳು.

"ಅವಳದ್ದು ಬರೀಬೇಡಿ."

"ಮತ್ಯಾರದ್ದು ಮೇಡಂ?"

"ಎಲ್ಲರದ್ದೂ. ಕಣ ನಂದು. ಇದನ್ನ ತುಳಿದ ಕುರಿ ಮೈಮೇಲೆ ಉಣ್ಣಿ ಔಷಧಿ ಇತ್ತು. ಹೆಸರು ಬೇಕಿದ್ರೆ ಅಕ್ಕನ್ನ ಕೇಳಿ, ಬಾಟಲಿ ಓದಿದ್ದಾಳೆ."

ನಾನು ಹೆಸರು ಹೇಳಿದೆ. ಅವನು ರಿಪೋರ್ಟ್ ತೆಗೆದು ನೋಡಿ ಪೆನ್ನನ್ನು ವಾಪಸು ಜೇಬಿಗೆ ಹಾಕಿದ. ಒಬ್ಬಳು ಅಳಲು ಶುರುಮಾಡಿದಳು, ಇನ್ನೊಬ್ಬಳು ಕುರಿಯವಳ ವಂಶವನ್ನೆಲ್ಲ ಬೈದಳು. ಅವನೇ ಎಲ್ಲರನ್ನೂ ಸುಮ್ಮನಾಗಿಸಿದ. ಈ ಲಾಟ್ ಯುರೋಪಿಗೆ ಹೋಗುವುದಿಲ್ಲ, ಎರಡನೇ ಟೆಸ್ಟೂ ಬೇಡ. ಟೆಸ್ಟಿಗೆ ಹೋಗಿ ಬಿದ್ದಿದ್ದರೆ ಗುಂಪಿನ ಹೆಸರೇ ಹೋಗುತ್ತಿತ್ತು, ಕಾರಣ ತಿಳಿದದ್ದರಿಂದ ಅದು ಉಳಿಯಬಹುದು ಎಂದ. ಮುಂದಿನ ವರ್ಷ ಬೇರೆ ಕಣ, ದಪ್ಪ ಟಾರ್ಪಾಲು.

"ಇದನ್ನೇನು ಹೊಳೆಗೆ ಹಾಕ್ಬೇಕಾ?" ಎಂದಳು ಪಕ್ಕದ ಮನೆಯವಳು.

"ಹೊಳೆಗ್ಯಾಕೆ? ಇಲ್ಲೇ ಮಾರಣ. ನಮ್ಮ ದೇಶದ ಲಿಮಿಟ್ ಒಳಗೇ ಇದೆ. ಶುಂಠಿಗೆ ಆ ಔಷಧಿ ಅವರ ಪಟ್ಟಿಯಲ್ಲಿಲ್ಲ, ಅದಕ್ಕೆ ಅವರು ಎಲ್ಲಕ್ಕಿಂತ ಕೆಳಗಿನ ಗೆರೆ ಹಾಕ್ತಾರೆ. ಮಸಾಲೆಗೆ ನಮ್ಮ ಗೆರೆ ಸ್ವಲ್ಪ ಮೇಲಿದೆ."

"ಅವ್ರ ಹೊಟ್ಟೆಗೆ ಆಗದ್ದು ನಮ್ಮ ಹೊಟ್ಟೆಗೆ ಆಗ್ತದಾ?"

"ವಿಷ ಅಂತಲ್ಲಮ್ಮಾ. ಒಂದೊಂದು ದೇಶಕ್ಕೆ ಒಂದೊಂದು ಗೆರೆ."

ಅವನು ಹೇಳಿದ್ದು ಸುಳ್ಳಲ್ಲ. ಬೆಳಿಗ್ಗೆ ನಾನು ಕುಡಿದ ಕಾಫಿಯಲ್ಲೂ ಆ ಕಣದ ಶುಂಠಿಯೇ ಇತ್ತು, ಈಗ ಗಂಟಲಿನಲ್ಲಿ ಅದರ ಖಾರ ಮತ್ತೆ ಹತ್ತಿದಂತಾಯಿತು. ಯಾವ ಗೇಟಿನಲ್ಲಿ ನಿಂತಿದ್ದೇನೆಂದು ತಿಳಿಯಲಿಲ್ಲ.

ಗಾಡಿ ಹೋದ ಮೇಲೂ ಪಕ್ಕದ ಮನೆಯವಳು ಚೀಲದ ಪಕ್ಕ ನಿಂತೇ ಇದ್ದಳು. ತಂಗಿ ಹಲಸಿನ ಬುಡದಲ್ಲಿ ಕೂತು, ನಿನ್ನೆಯಿಂದ ಅಲ್ಲೇ ಬಿದ್ದಿದ್ದ ಚಕ್ಕೆಯನ್ನು ಸೆರಗಿನಿಂದ ಒರೆಸಿ ತನ್ನ ಪಕ್ಕದ ಖಾಲಿ ಜಾಗದಲ್ಲಿಟ್ಟಳು. ಕ್ಷಮಿಸು ಎನ್ನಲಿಲ್ಲ, ಅವಳಿಗೆ ಆ ಮಾತು ಬರುವುದಿಲ್ಲ.

"ಮುಂದಿನ ವರ್ಷ ಕುರಿಯವಳಿಗೆ ಬರಬೇಡ ಅಂತೀಯಾ?" ಎಂದು ಪಕ್ಕದ ಮನೆಯವಳು ನಿಂತಲ್ಲಿಂದಲೇ ಕೇಳಿದಳು.

"ಗದ್ದೆಗೆ ಬರ್ಲಿ. ಅಂಗಳಕ್ಕೆ ಬೇಡ."

"ಗದ್ದೇಲಿ ಉಣ್ಣಿ ಬಿದ್ರೆ?"

"ಉಣ್ಣಿಗೆ ಯುರೋಪಿನಲ್ಲಿ ಲಿಮಿಟ್ ಎಷ್ಟು ಅಂತ ನಮ್ಮ ಕಾನ್ವೆಂಟನ್ನ ಕೇಳು," ಎಂದು ತಂಗಿ ನನ್ನ ಕಡೆ ಗದ್ದ ತೋರಿಸಿದಳು, ಮುಖ ತಿರುಗಿಸದೆ.

ಪಕ್ಕದ ಮನೆಯವಳು ನಗಲಿಲ್ಲ. ಬಂದು ತನ್ನ ಜಾಗದಲ್ಲಿ ಕೂತಳು. ಚಕ್ಕೆ ಕೈಗೆತ್ತಿಕೊಂಡಳು. ಅವಳ ಚೀಲ ಮಾತ್ರ ಕಣದ ನಡುವೆ ಬಿದ್ದಲ್ಲೇ ಬಿದ್ದಿತ್ತು. ಸಂಜೆ ಅದನ್ನು ಎತ್ತಿ ಜಗಲಿಗಿಡಲು ತಂಗಿಯೇ ಹೋದಳು. ಇನ್ನೊಂದು ತುದಿಯನ್ನು ಪಕ್ಕದ ಮನೆಯವಳು ಹಿಡಿದಳು.