ಕೂಗದ ಪೆಟ್ಟಿಗೆ

ತಂಪಣ್ಣನಿಗೆ ಆ ಹೆಸರು ಇಟ್ಟವರು ಬೀದಿಯ ಜನ. ಫ್ರಿಜ್ಜು, ಏಸಿ, ಐಸ್‌ಕ್ರೀಂ ಪೆಟ್ಟಿಗೆ, ಆಸ್ಪತ್ರೆಯ ಶವಾಗಾರ, ಯಾವುದು ತಣ್ಣಗಿರಬೇಕೋ ಅದು ಬೆಚ್ಚಗಾಯಿತೆಂದರೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಅವನ ಬಾಗಿಲಿಗೇ. ಹೆಂಡತಿ ಮುಖ್ಯರಸ್ತೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು, ಅವಳು ಟೈಲರಮ್ಮ. ಮನೆಯಲ್ಲಿ ಮೂರನೆಯವರು ತಂಪಣ್ಣನ ತಾಯಿ. ಮುದುಕಿಗೆ ಕಿವಿ ಮಂದವಾಗಿದೆ ಎಂದು ತಂಪಣ್ಣ ತೀರ್ಮಾನ ಮಾಡಿ ಕೆಲವು ವರ್ಷಗಳೇ ಆಗಿದ್ದವು. ಹಾಗಾಗಿ ಅವನು ತಾಯಿಯೊಡನೆ ಮಾತಾಡಿದರೆ ಅವಳ ಮಾತ್ರೆ, ಮಲಬದ್ಧತೆಗಳ ಸಮಾಚಾರ ಬೀದಿಯ ಆ ತುದಿಯವರಿಗೂ ತಿಳಿಯುತ್ತಿತ್ತು.

ಅವನ ಚೀಲದಲ್ಲಿ ಮೀಟರು, ಗೇಜು ಎಲ್ಲ ಇದ್ದವು. ಆದರೆ ಹೆಸರು ತಂದುಕೊಟ್ಟದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಕಂಪ್ರೆಸರಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನಿಂತವರು ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಗ್ಯಾಸ್ ಸೋರ್ತಿದೆ. ಹಿಂದಿನ ಪೈಪು, ಎಡಗಡೆ ಬೆಸುಗೆ," ಎನ್ನುತ್ತಿದ್ದ. ಸೋರುತ್ತಿದ್ದದ್ದು ಎಡಗಡೆ ಬೆಸುಗೆಯೇ. ಮನೆ ಎದ್ದದ್ದು, ಮಗಳು ಓದಿದ್ದು, ಅವಳ ಮದುವೆಯಾದದ್ದು, ಎಲ್ಲವೂ ಆ ಕಿವಿಯಿಂದ. ಟೈಲರಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೇಕರಿಯವನು ಒಂದೇ ಫ್ರೀಜರಿಗೆ ಮತ್ತೆ ಮತ್ತೆ ಫೋನು ಮಾಡತೊಡಗಿದಾಗ ಅವಳು ಹೊಲಿಗೆ ನಿಲ್ಲಿಸಿ, ಎಷ್ಟನೇ ಸಲ ಇದು ಎಂದು ಲೆಕ್ಕ ಹಾಕತೊಡಗಿದಳು.

"ತಂಪಣ್ಣ ನಿನ್ನೆ ಬಂದು ಗ್ಯಾಸ್ ತುಂಬಿ ಹೋದ್ರಮ್ಮ. ಇವತ್ತು ಮತ್ತೆ ಬೆಣ್ಣೆ ಕರಗಿದೆ," ಎಂದಿದ್ದ ಬೇಕರಿಯವನು. ಸಿಟ್ಟಿನಿಂದ ಹೇಳಿದ್ದರೆ ಅವಳೂ ನಾಲ್ಕು ಮಾತಾಡುತ್ತಿದ್ದಳು. ಅವನು ಮರುಕದಿಂದ ಹೇಳಿದ್ದ.

ತಪ್ಪು ಯಾರದೆಂದು ಅವಳು ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದಳು. ತಪ್ಪು ಕಂಪ್ಯೂಟರಿನದು.

ಮಗಳು ಗಂಡನ ಮನೆಗೆ ಹೋಗುವಾಗ ತನ್ನ ಹಳೆಯ ಡೆಸ್ಕ್‌ಟಾಪನ್ನು ಬಿಟ್ಟುಹೋಗಿದ್ದಳು. ಅದು ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ತನ್ನ ಪಾಡಿಗೆ ತಾನಿತ್ತು. ಮುಚ್ಚಳ ಕಂಡರೆ ಬಿಚ್ಚಬೇಕೆನ್ನುವುದು ತಂಪಣ್ಣನ ಜಾಯಮಾನ. ಒಂದು ದಿನ ಬಿಚ್ಚಿದ. ಒಳಗೆ ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು, ಅದರ ಮೇಲೊಂದು ಫ್ಯಾನು. ಏಸಿಯ ಹಿಂಭಾಗದಲ್ಲಿ ಇರುವುದೂ ಇದೇ, ಇನ್ನೇನು! ದೂರದ ನೆಂಟನನ್ನು ಸಂತೆಯಲ್ಲಿ ಕಂಡವನ ಹಾಗೆ ಅವನ ಮುಖ ಅರಳಿತು. ಆಮೇಲೆ ಫೋನಿನಲ್ಲಿ ಯಾರು ಯಾರದೋ ವೀಡಿಯೊ ನೋಡಿ ಒಂದು ಸಂಗತಿ ಕಲಿತ. ಪ್ರೊಸೆಸರಿಗೆ ಕಂಪನಿಯವರು ಒಂದು ವೇಗ ಗೊತ್ತುಮಾಡಿ ಕಳಿಸಿರುತ್ತಾರೆ. ಯಂತ್ರ ಏಳುವಾಗ ತೆರೆಯಬಹುದಾದ, ಬಯೋಸ್ ಎಂಬ ಪುಟದೊಳಗೆ ಹೋಗಿ ಆ ವೇಗವನ್ನು ಏರಿಸಬಹುದು. ಏರಿಸಿದರೆ ಅದು ಕಾಯುತ್ತದೆ. ಕಾಯದಂತೆ ನೋಡಿಕೊಂಡರೆ ಇನ್ನೂ ಏರಿಸಬಹುದು. ಹುಟ್ಟಿದಾಗಿನಿಂದ ತಣ್ಣಗೆ ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಇದಕ್ಕಿಂತ ಇನ್ನೇನು ಬೇಕು?

"ಇಷ್ಟು ಜೋರು ಮಾಡಿ ಏನ್ರೀ ಮಾಡ್ತೀರಿ?" ಎಂದು ಟೈಲರಮ್ಮ ಕೇಳಿದಳು.

"ಇನ್ನೂ ಜೋರು ಮಾಡ್ತೀನಿ."

"ಅದ್ರಲ್ಲಿ ಏನ್ ಕೆಲ್ಸ ಮಾಡ್ತೀರಿ ಅಂದೆ."

ಅವನು ಸ್ವಲ್ಪ ಯೋಚಿಸಿದ. "ಎಷ್ಟು ಜೋರಿದೆ ಅಂತ ಅಳೀತೀನಿ," ಎಂದ.

ಅತ್ತೆ ಮಂಚದ ಮೇಲಿಂದ, "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ," ಎಂದರು. ತಂಪಣ್ಣ ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತ ಕೂತಿದ್ದ. ಅವನಿಗೆ ಗಾದೆ ನಾಟಿದಂತೆ ಕಾಣಲಿಲ್ಲ. ದಪ್ಪ ಚರ್ಮ ಎಂದುಕೊಂಡಳು ಟೈಲರಮ್ಮ.

ಕಂಪ್ಯೂಟರಿನೊಳಗೆ ಒಂದು ಮೂಲ ತಾಳವಿರುತ್ತದೆ. ಅದನ್ನು ಏರಿಸಿದರೆ ಪ್ರೊಸೆಸರು ಓಡುತ್ತದೆ, ಅದರ ಬಾಲ ಹಿಡಿದುಕೊಂಡು ಪಕ್ಕದಲ್ಲಿರುವ ಮೆಮೊರಿಯೂ ಓಡಬೇಕಾಗುತ್ತದೆ. ಮೆಮೊರಿಗೆ ಅಷ್ಟು ದಮ್ಮು ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ ಯಂತ್ರ ಏಳುವುದೇ ಇಲ್ಲ, ಪರದೆ ಕಪ್ಪಾಗಿ ಕೂರುತ್ತದೆ. ಹಾಗಾದಾಗ ಗೊತ್ತಾಗಲೆಂದು ಒಳಗೆ ಹುಣಸೆ ಬೀಜದಷ್ಟು ದೊಡ್ಡ ಸ್ಪೀಕರೊಂದು ಇರುತ್ತದೆ. ತೊಂದರೆ ಮೆಮೊರಿಯದಾದರೆ ಅದು ಉದ್ದುದ್ದ ಪೀಂ, ಪೀಂ ಎಂದು ಕೂಗುತ್ತದೆ. ಆಗ ಬಯೋಸಿನಲ್ಲಿ ಮೆಮೊರಿಯ ಓಟವನ್ನಷ್ಟೇ ಒಂದು ಮೆಟ್ಟಿಲು ಇಳಿಸಬೇಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇಷ್ಟೂ ತಂಪಣ್ಣನಿಗೆ ಬಾಯಿಪಾಠವಾಗಿತ್ತು. ಆ ಸ್ಪೀಕರನ್ನು ಅಂಗಡಿಯಿಂದ ತಂದು ಸಿಕ್ಕಿಸಿದವನೂ ಅವನೇ.

ಅವನು ತಾಳ ಏರಿಸಿದ. ಪರದೆ ಕಪ್ಪಾಯಿತು. ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ತೆಗೆದು ಹಾಕಿ, ಯಂತ್ರವನ್ನು ಹಳೇ ವೇಗಕ್ಕೆ ತಂದು, ಮತ್ತೆ ಏರಿಸಿದ. ಮತ್ತೆ ಕಪ್ಪು.

"ಮೆಮೊರಿ ಇರಬಹುದಲ್ಲ?" ಎಂದು ಊಟಕ್ಕೆ ಕೂತಾಗ ಟೈಲರಮ್ಮ ಕೇಳಿದಳು. ದಿನಾ ಕೇಳಿ ಕೇಳಿ ಅವಳಿಗೂ ಅಷ್ಟು ವಿದ್ಯೆ ಬಂದಿತ್ತು. "ಮೆಷಿನ್ ಜೋರು ತುಳಿದ್ರೆ ದಾರ ಕಿತ್ಕೊಳ್ಳುತ್ತಲ್ಲ, ಹಂಗೆ."

"ಮೆಮೊರಿ ಆಗಿದ್ರೆ ಕೂಗೋದು. ಕೂಗ್ತಿಲ್ಲ. ಅಂದ್ಮೇಲೆ ಶಾಖ."

ಶಾಖ ಎಂದಮೇಲೆ ಅವನನ್ನು ಹಿಡಿಯುವವರುಂಟೆ? ಮೊದಲು ಪ್ರೊಸೆಸರಿಗೂ ರೆಕ್ಕೆಗಳಿಗೂ ನಡುವೆ ಶಾಖ ದಾಟಿಸಲು ಸವರುವ ಪೇಸ್ಟು ಬದಲಾಯಿಸಿದ. ಆಮೇಲೆ ಹಳೆಯ ರೆಕ್ಕೆಗಳನ್ನು ಕಿತ್ತು ಇಟ್ಟಿಗೆಯಷ್ಟು ದಪ್ಪದ ಹೀಟ್ ಸಿಂಕ್ ಕೂರಿಸಿದ. ಆಮೇಲೆ ಟೈಲರಮ್ಮನ ಅಂಗಡಿಯ ಟೇಬಲ್ ಫ್ಯಾನು ಕಾಣೆಯಾಗಿ, ಕ್ಯಾಬಿನೆಟ್ಟಿನ ಪಕ್ಕದಲ್ಲಿ ಪ್ರತ್ಯಕ್ಷವಾಯಿತು. ಬೇಸಗೆಯಲ್ಲಿ ಅವಳು ಬೆವರು ಒರೆಸಿಕೊಳ್ಳುತ್ತ ಗುಂಡಿ ಹೊಲಿದಳು, ಪ್ರೊಸೆಸರು ಗಾಳಿ ಕುಡಿಯಿತು. ಕೊನೆಗೆ ಪೆಟ್ಟಿಗೆಯನ್ನು ತಾಯಿ ಮಲಗುವ ಕೋಣೆಯ ಏಸಿಯ ಮುಂದೆ, ಅವರ ಮಂಚಕ್ಕೆ ತಾಗಿಸಿ ಇಟ್ಟ. ಅತ್ತೆ ಬೇಸಗೆಯಲ್ಲಿ ಸ್ವೆಟರ್ ಹಾಕಿಕೊಂಡರು. ಅವರ ಕೋಣೆಯಲ್ಲಿ ಈಗ ಮೀನು ಇಟ್ಟಿದ್ದರೂ ಕೆಡುತ್ತಿರಲಿಲ್ಲ.

"ಹಗಲೆಲ್ಲ ಆ ಪೆಟ್ಟಿಗೆ ಕಿರುಚುತ್ತೆ ಕಣೇ," ಎಂದು ಅತ್ತೆ ಸೊಸೆಯ ಹತ್ತಿರ ದೂರು ಹೇಳಿದರು. "ನೀನು ಅಂಗಡಿಗೆ ಹೋದ ಮೇಲೆ ಶುರು. ನನ್ನ ತಲೆ ಚಿಟ್ಟು ಹಿಡಿದುಹೋಯ್ತು."

"ಅಮ್ಮಾ! ಅದು! ಕೂಗ್ತಾ! ಇಲ್ಲ!" ಎಂದು ತಂಪಣ್ಣ ತಾಯಿಯ ಕಿವಿಯ ಬಳಿ ಬಾಗಿ ಹೇಳಿದ. ಎದುರು ಮನೆಯ ನಾಯಿ ಬೊಗಳಿತು. ಆಮೇಲೆ ಹೆಂಡತಿಯ ಕಡೆ ತಿರುಗಿ, "ವಯಸ್ಸಾದ ಮೇಲೆ ಕಿವಿಯೊಳಗೇ ಸದ್ದು ಬರುತ್ತಂತೆ. ಒಂದ್ಸಲ ತೋರಿಸ್ಬೇಕು," ಎಂದ.

ಟೈಲರಮ್ಮನಿಗೂ ಅದೇ ಸರಿಯೆನಿಸಿತು. ಮುಖ್ಯರಸ್ತೆಯ ಕಿವಿ ಡಾಕ್ಟರ ಹತ್ತಿರ ಹೋಗಿ, ಅತ್ತೆಯ ಹೆಸರಿನಲ್ಲಿ ಸಮಯ ಗೊತ್ತುಮಾಡಿಕೊಂಡು ಬಂದಳು.

ಆ ಭಾನುವಾರ ಅವಳ ಅಂಗಡಿಗೆ ರಜೆ. ಬೆಳಿಗ್ಗೆಯೇ ಬೇಕರಿಯವನು ಫೋನು ಮಾಡಿದ. ಈ ಸಲ ಬೆಣ್ಣೆಯ ವಿಷಯ ಎತ್ತಲೇ ಇಲ್ಲ. "ಬೇರೆ ಒಬ್ಬರು ಮೆಕ್ಯಾನಿಕ್ ಇದ್ದಾರೆ ಅಂದ್ರು. ಅವರಿಗೆ ಹೇಳ್ಲಾ ಅಂತ. ತಂಪಣ್ಣಂಗೆ ಬೇಜಾರಾಗಬಾರ್ದು ನೋಡಿ," ಎಂದ. ನಾಳೆ ಖಂಡಿತ ಬರುತ್ತಾರೆ ಎಂದು ಹೇಳಿ ಅವಳು ಫೋನಿಟ್ಟಳು. ಅವಳಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಬೀದಿಯಲ್ಲಿ ಒಬ್ಬ ಬೇರೆಯವರನ್ನು ಕರೆದರೆ ಸಾಕು, ಆಮೇಲೆ ಎಲ್ಲರಿಗೂ ದಾರಿ ತಾನಾಗಿ ಗೊತ್ತಾಗುತ್ತದೆ. ಇವತ್ತು ಆ ಪೆಟ್ಟಿಗೆಯನ್ನು ಗುಜರಿಯವನಿಗೆ ಎತ್ತಿಕೊಟ್ಟೇ ತೀರುವುದು ಎಂದು ಸೆರಗು ಸಿಕ್ಕಿಸಿಕೊಂಡು ಕೋಣೆಗೆ ನುಗ್ಗಿದಳು.

ಒಳಗೆ ಅತ್ತೆ ಸ್ವೆಟರಿನಲ್ಲಿ ಮಂಚದ ಮೇಲಿದ್ದರು. ತಂಪಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೆರೆದ ಕ್ಯಾಬಿನೆಟ್ಟಿನ ಮುಂದೆ ಕೂತಿದ್ದ. ತಾಳ ಏರಿಸಿ ಆಗತಾನೆ ಸ್ವಿಚ್ಚು ಒತ್ತಿದ್ದ. ಪರದೆ ಕಪ್ಪಾಗಿತ್ತು.

ಪೀಂ. ಸ್ವಲ್ಪ ತಡೆದು ಮತ್ತೆ, ಪೀಂ.

ಸೂಜಿಯಂಥ ಸದ್ದು. ಟೈಲರಮ್ಮನ ಹಲ್ಲು ಜುಮ್ಮೆಂದಿತು. ಅವಳು ಬಾಯಿ ತೆರೆಯುವ ಮೊದಲೇ ತಂಪಣ್ಣ ತಲೆಯೆತ್ತಿ, "ನೋಡು. ಸುಮ್ಮನೆ ಕೂತಿದೆ. ಒಂದು ಸೊಲ್ಲಿಲ್ಲ," ಎಂದ.

ಪೀಂ.

ಅವನು ತಮಾಷೆ ಮಾಡುತ್ತಿದ್ದಾನೆ ಎಂದು ಮೊದಲು ಅವಳು ಅಂದುಕೊಂಡಳು. ಆದರೆ ತಂಪಣ್ಣ ತಮಾಷೆ ಮಾಡುವ ಆಸಾಮಿಯಲ್ಲ. ಅವನು ಚೀಲಕ್ಕೆ ಕೈ ಹಾಕಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ಕ್ಯಾಬಿನೆಟ್ಟಿನ ತಗಡಿಗೆ ಊರಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದ. ಹುಣಸೆ ಬೀಜದಷ್ಟು ದೊಡ್ಡ ಆ ಸ್ಪೀಕರು ಅವನ ಮೂಗಿನ ಮುಂದೆಯೇ ಇತ್ತು.

ಪೀಂ. ಪೀಂ. ಪೀಂ.

"ಫ್ಯಾನು ಚೆನ್ನಾಗಿ ತಿರುಗ್ತಿದೆ. ಗುಂಯ್ ಅಂತ ಕೇಳಿಸ್ತಿದೆ," ಎಂದ ಕಣ್ಣು ತೆರೆಯದೆ. "ಬೇರೆ ಏನೂ ಇಲ್ಲ."

ಟೈಲರಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಎರಡೂ ಕಿವಿಗೆ ಕೈ ಒತ್ತಿಕೊಂಡು ಕೂತಿದ್ದರು. ಮಗನ ಮುಖವನ್ನೇ ನೋಡುತ್ತಿದ್ದ ಅವರು ನಿಧಾನಕ್ಕೆ ಕೈ ಇಳಿಸಿದರು. ಮುದುಕಿಗೆ ಕಿವಿಯೂ ಚುರುಕು, ಬುದ್ಧಿಯೂ ಚುರುಕು. ಮನೆಯಲ್ಲಿ ಕಿವುಡರು ಯಾರೆಂದು ಅವರಿಗೂ ಆಗಲೇ ತಿಳಿದದ್ದು. ಇಷ್ಟು ವರ್ಷ ಮಗ ಯಾಕೆ ಹಾಗೆ ಕೂಗಾಡುತ್ತಾನೆ ಎಂದು ಯಾರೂ ಕೇಳಿರಲಿಲ್ಲ.

ಅಂಗಡಿಯ ಫ್ಯಾನು, ಕರಗಿದ ಬೆಣ್ಣೆ, ಎಲ್ಲವೂ ಟೈಲರಮ್ಮನ ತಲೆಯಲ್ಲಿ ಒಂದೇ ದಾರಕ್ಕೆ ಪೋಣಿಸಿಕೊಂಡವು. ಫ್ರೀಜರಿನಲ್ಲಿ ಗ್ಯಾಸ್ ಸೋರುವುದು ಸಣ್ಣ ಸುಂಯ್ ಸದ್ದಿನಲ್ಲಿ. ಅದು ಕೇಳಿಸದಿದ್ದರೆ ಗ್ಯಾಸ್ ತುಂಬಿ ಬರುವುದಷ್ಟೇ ಉಳಿಯುತ್ತದೆ. ಕಂಪ್ಯೂಟರಿನಲ್ಲಾದರೋ ಎಲ್ಲವೂ ಅಂಕಿ. ಶಾಖವೂ ಅಂಕಿ, ವೇಗವೂ ಅಂಕಿ, ಕಿವಿಯ ಹಂಗಿಲ್ಲ. ಈ ಮನುಷ್ಯ ಯಾಕೆ ಅದರ ಮುಂದೆ ಹೋಗಿ ಕೂತ ಎಂದು ಅವಳಿಗೆ ಹೊಳೆಯಿತು. ಅವನಿಗೂ ಅದು ಹೊಳೆದಿತ್ತೋ ಇಲ್ಲವೋ. ಗುಜರಿಯವನಿಗೆಂದು ಸಿಕ್ಕಿಸಿದ್ದ ಸೆರಗನ್ನು ಅವಳು ಇಳಿಬಿಟ್ಟಳು.

ಅವಳು ಹೋಗಿ ಅವನ ಪಕ್ಕ ನೆಲಕ್ಕೆ ಕೂತಳು. ಅವನ ಎಡಗೈ ತೆಗೆದುಕೊಂಡು, ಅಂಗೈಯ ಮೇಲೆ ತನ್ನ ಬೆರಳನ್ನು ಒತ್ತಿ ಹಿಡಿದಳು. ಬಿಟ್ಟಳು. ಮತ್ತೆ ಒತ್ತಿದಳು.

"ಏನದು?"

"ಅದು ಹೀಗೆ ಕೂಗ್ತಿದೆ ರೀ."

ತಂಪಣ್ಣ ಕೈ ಹಿಂದೆಗೆಯಲಿಲ್ಲ. ಅವಳು ಒತ್ತುತ್ತ ಹೋದಳು, ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತ. ತಾಯಿಯ ಕಡೆ ಒಮ್ಮೆ ತಿರುಗಿದ. ಅತ್ತೆ ಹೌದೆಂದು ತಲೆಯಾಡಿಸಿದರು.

"ಉದ್ದನೇವಾ?" ಎಂದು ಕೇಳಿದ ಆಮೇಲೆ.

"ಉದ್ದನೇವು. ನಿಂತು ನಿಂತು."

"ಹಾಗಾದ್ರೆ ಮೆಮೊರಿ," ಎಂದ.

ಬ್ಯಾಟರಿ ತೆಗೆದ, ಹಾಕಿದ. ಬಯೋಸಿಗೆ ಹೋಗಿ ಮೆಮೊರಿಯ ಓಟವನ್ನು ಒಂದು ಮೆಟ್ಟಿಲು ಇಳಿಸಿ, ತಾಳವನ್ನು ಏರಿಸಿದ್ದಲ್ಲಿಗೇ ಏರಿಸಿದ. ಯಂತ್ರ ಒಂದೇ ಸಲಕ್ಕೆ ಎದ್ದಿತು. ಮೆಮೊರಿ ಪರೀಕ್ಷೆ ಹಚ್ಚಿದ; ಮಧ್ಯಾಹ್ನದವರೆಗೂ ಓಡಿ ಒಂದು ತಪ್ಪೂ ತೋರಿಸಲಿಲ್ಲ. ಇಷ್ಟು ದಿನ ಯಾವುದಕ್ಕೆ ಒದ್ದಾಡಿದ್ದನೋ ಅದು ಕೈಗೆ ಸಿಕ್ಕಿತ್ತು. ಅವನು ಪರದೆಯನ್ನು ನೋಡಲೇ ಇಲ್ಲ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದ. ಟೈಲರಮ್ಮ ಅಡುಗೆಮನೆಗೆ ಹೋಗಿ, ಅವನಿಗೆ ಕೇಳದಿರಲೆಂದು ನಲ್ಲಿ ತಿರುಗಿಸಿ, ಸ್ವಲ್ಪ ಹೊತ್ತು ಅತ್ತಳು. ಆಮೇಲೆ, ನಲ್ಲಿ ತಿರುಗಿಸುವ ಅಗತ್ಯವೇನೂ ಇರಲಿಲ್ಲ ಎಂಬುದು ನೆನಪಾಗಿ ಇನ್ನಷ್ಟು ಅತ್ತಳು.

ಕಿವಿ ಡಾಕ್ಟರ ಹತ್ತಿರ ಗೊತ್ತುಮಾಡಿದ್ದ ಸಮಯ ಮಾರನೆಯ ದಿನವೇ ಇತ್ತು. ಹೆಸರನ್ನಷ್ಟೇ ಬದಲಾಯಿಸಿದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಮೊದಮೊದಲು ಒತ್ತಿದ. ಆಮೇಲೆ ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಒತ್ತದೆ ಕಾದು ಕೂತ. ಹೊರಗೆ ಬಂದಾಗ ಡಾಕ್ಟರು ಗೆರೆ ಎಳೆದ ಕಾಗದ ತೋರಿಸಿದರು. ವರ್ಷಗಟ್ಟಲೆ ಕಂಪ್ರೆಸರುಗಳ ಪಕ್ಕ ನಿಂತದ್ದರ ಫಲ ಎಂದರು. ದಪ್ಪ ಸದ್ದುಗಳಿರುವ ಎಡಗಡೆ ಗೆರೆ ನೆಟ್ಟಗೆ ಬಂದು, ಸಣ್ಣ ಸದ್ದುಗಳ ಬಲಗಡೆಗೆ ಹೋಗುತ್ತ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ತಂಪಣ್ಣ ಅದನ್ನು ಬಹಳ ಹೊತ್ತು ನೋಡಿದ.

"ಕೆಳಗಡೆ ಸ್ಟೇಬಲ್ ಇದೆ. ಮೇಲಕ್ಕೆ ಹೋದ್ರೆ ನಿಲ್ಲಲ್ಲ," ಎಂದ ಹೆಂಡತಿಗೆ. ಇದು ಮೆಟ್ಟಿಲು ಇಳಿಸಿ ಸರಿಮಾಡುವಂಥದ್ದಲ್ಲ ಎಂದು ಡಾಕ್ಟರು ಹೇಳಬೇಕಾಗಲಿಲ್ಲ. ಕಿವಿಗೆ ಯಂತ್ರ ಹಾಕಿಕೊಳ್ಳಬಹುದು, ಅಭ್ಯಾಸವಾಗಲು ಹೊತ್ತು ಹಿಡಿಯುತ್ತದೆ ಎಂದಷ್ಟೇ ಹೇಳಿದರು.

ಅಲ್ಲಿಂದ ಸೀದಾ ಮನೆಗೆ ಹೋಗುತ್ತಾನೆ ಎಂದು ಅವಳು ತಿಳಿದಿದ್ದಳು. ಅವನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ ಕೆಲಸದ ಚೀಲದೊಡನೆ ಬೇಕರಿಯ ಕಡೆ ತಿರುಗಿದ. ಬೇಕರಿಯವನು ಇಬ್ಬರನ್ನೂ ನೋಡಿ ಕೈ ಒರೆಸಿಕೊಂಡು ಬಂದ. ಬ್ರೆಡ್ಡು ಕೊಳ್ಳಲು ಬಂದಿದ್ದ ನಾಲ್ಕಾರು ಮಂದಿ, ತಂಪಣ್ಣ ಫ್ರೀಜರಿನ ಹಿಂದೆ ಬಗ್ಗಿ ಸ್ಕ್ರೂಡ್ರೈವರ್ ತೆಗೆದದ್ದನ್ನು ಕಂಡು ಹಳೇ ಅಭ್ಯಾಸದಂತೆ ಮಾತು ನಿಲ್ಲಿಸಿದರು. ಅವನು ತುದಿಯನ್ನು ಪೈಪಿನ ಮೇಲಿಟ್ಟ. ಹಿಡಿಯನ್ನು ಕಿವಿಗೆ ಒಯ್ಯಲಿಲ್ಲ. ಹೆಂಡತಿಯ ಕಡೆಗೆ ವಾಲಿಸಿದ.

"ಬಾ ಇಲ್ಲಿ. ಕೇಳು," ಎಂದ.

ಟೈಲರಮ್ಮ ಅಷ್ಟು ಜನರ ಮುಂದೆ ಬಗ್ಗಿ, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದಳು. ಗುಂಯ್ ಎನ್ನುವ ಸದ್ದಿನ ಹಿಂದೆ, ಬಟ್ಟೆಯ ಮೇಲೆ ಕತ್ತರಿ ಜಾರಿದ ಹಾಗೆ ಇನ್ನೊಂದು ಸಣ್ಣ ಸದ್ದು ಇತ್ತು.

"ಸುಂಯ್ ಅಂತಿದೆ. ಬಲಕ್ಕೆ ಸರಿಸಿ. ಇನ್ನೂ. ಹಾಂ, ಇಲ್ಲೇ."

ತಂಪಣ್ಣ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು, ಅಲ್ಲಿಗೆ ಸೋಪಿನ ನೊರೆ ಸವರಿದ. ಗುಳ್ಳೆ ಒಂದರ ಹಿಂದೊಂದು ಎದ್ದವು.

"ಇದೇನು ತಂಪಣ್ಣ, ಅಮ್ಮಾವ್ರಿಗೂ ಕೆಲ್ಸ ಕಲಿಸ್ತಿದೀರಾ?" ಎಂದ ಬೇಕರಿಯವನು.

"ನಂಗೆ ಸಣ್ಣ ಸದ್ದು ಕೇಳ್ಸಲ್ಲ ಈಗ," ಎಂದ ತಂಪಣ್ಣ, ಎಲ್ಲರಿಗೂ ಕೇಳುವ ಹಾಗೆ, ಅವನ ಮಾಮೂಲಿ ಗಟ್ಟಿ ದನಿಯಲ್ಲಿ. "ಇವಳು ಕೇಳ್ತಾಳೆ. ನಾನು ಬೆಸುಗೆ ಹಾಕ್ತೀನಿ." ಆಮೇಲೆ ಹೆಂಡತಿಯ ಕಡೆಗೆ ಕೈ ಚಾಚಿದ. ಅವಳು ಸ್ಕ್ರೂಡ್ರೈವರ್ ವಾಪಸು ಕೊಡಹೋದಳು.

"ಅದು ನಿನ್ನ ಹತ್ರ ಇರ್ಲಿ. ಬೆಸುಗೆ ಕಡ್ಡಿ ಕೊಡು," ಎಂದ.