ಯಾರೂ ನೋಡಬಾರದ ಚಾನೆಲ್

ಇಂಥ ವಿಚಿತ್ರ ಸಂಗತಿಗಳನ್ನು ಹೇಳುವವರ ಮುಂದೆ ನಾನು ನಕ್ಕವನು. ನೆನಪು ಹೇಳಿದಷ್ಟೂ ಅಚ್ಚುಕಟ್ಟಾಗುತ್ತದೆ, ಅಚ್ಚುಕಟ್ಟಾದಷ್ಟೂ ಸುಳ್ಳಾಗುತ್ತದೆ ಎಂಬುದು ನನ್ನ ವಾದ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದ್ದರಿಂದ ನೀವು ಇದನ್ನು ನಂಬಲೇಬೇಕೆಂದಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸು. ಅರಬ್ ದೇಶದ ಯಾನ್ಬುವಿನಲ್ಲಿ, ಕೆಲಸಗಾರರ ಒಂದು ಕ್ಯಾಂಪಿನಲ್ಲಿ ನಾನು ಎಲೆಕ್ಟ್ರಿಷಿಯನ್. ನಮ್ಮ ಬ್ಲಾಕಿನ ತಾರಸಿಯ ಮೇಲೆ ಕೋಣೆಗೊಂದರಂತೆ ಇದ್ದ ನಾಲ್ಕೂ ಡಿಶ್‌ಗಳನ್ನು ಕೂರಿಸಿದವನು ನಾನೇ. ದೂರದ ಒಂದು ಸರಕಾರ ಅಲ್ಲಿನ ಜನರಿಗೆಂದೇ ಅರಬಿಯಲ್ಲಿ ಒಂದು ಚಾನೆಲ್ ನಡೆಸುತ್ತಿತ್ತು. ಕ್ಯಾಂಪಿನಲ್ಲಿ ಅದನ್ನು ನೋಡಬಾರದೆಂದು ನೋಟಿಸ್ ಹಾಕಿದ್ದರು. ಪುತ್ತೂರಿನ ಹಮೀದ್ ಮಾತ್ರ ಬಾಗಿಲು ಹಾಕಿಕೊಂಡು ನೋಡುತ್ತಿದ್ದ. ಅದರಲ್ಲಿ ಕೆಲಸಗಾರರ ದೂರುಗಳ ಚರ್ಚೆ ಬರುತ್ತಿತ್ತು.

"ಅವರ ಊರಲ್ಲಿ ಇದನ್ನು ತೋರಿಸ್ಲಿಕ್ಕೆ ಅವರದೇ ಕಾನೂನು ಬಿಡುವುದಿಲ್ಲ, ಗೊತ್ತುಂಟಾ? ನಮಗೆ ಬಡಿಸ್ತಾರೆ, ತಾವು ಮುಟ್ಟುವುದಿಲ್ಲ. ಎಂತ ಅಡಿಗೆ ಮಾರಾಯ ಇದು!" ಎಂದು ನಗುತ್ತಿದ್ದ.

ಫೋರ್‌ಮನ್ ಸುಧಾಕರ, ನನ್ನ ಹಾಗೆ ಉಡುಪಿ ಕಡೆಯವನೇ, ಹಮೀದನ ಮೇಲೆ ಸೆಕ್ಯೂರಿಟಿಗೆ ಚಾಡಿ ಹೇಳಿದ. ಹಮೀದನ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ರದ್ದಾಯಿತು. ವಾರದೊಳಗೆ ವಿಮಾನ ಹತ್ತಿಸಿದರು. ಅವನ ಒಬ್ಬರ ಕೋಣೆ ಸುಧಾಕರನಿಗೆ ಸಿಕ್ಕಿತು. ಹಮೀದನ ಮಂಚದಲ್ಲಿ ಕಾಲು ಚಾಚಿ, ಹಮೀದನ ಡಿಶ್ಶಿನಲ್ಲೇ ಅವನು ಧಾರಾವಾಹಿ ನೋಡುತ್ತಿದ್ದ. ಅವನನ್ನೂ ಅದೇ ದಾರಿಯಲ್ಲಿ ಕಳಿಸಬೇಕೆಂದು ನಾನು ನಿಶ್ಚಯಿಸಿದೆ.

ಒಂದು ಶುಕ್ರವಾರ ಮಧ್ಯಾಹ್ನ, ಎಲ್ಲರೂ ನಮಾಜಿಗೆ ಹೋದಾಗ ತಾರಸಿ ಹತ್ತಿದೆ. ಸುಧಾಕರ ಯಂತ್ರ ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸಕ್ಕೆಂದು ಎರಡು ದಿನದಿಂದ ಪ್ಲಾಂಟಿನಲ್ಲೇ ಇದ್ದ. ಅವನ ಡಿಶ್ಶನ್ನು ಆ ಚಾನೆಲ್ ಸಿಗುವ ದಿಕ್ಕಿಗೆ ತಿರುಗಿಸಿದೆ. ಬೆರಳಿನಷ್ಟು ಸರಿದರೂ ಸಿಗ್ನಲ್ ಹೋಗುತ್ತದೆ. ಕೆಳಗಿಳಿದು, ರಿಪೇರಿಗೆಂದು ನನ್ನಲ್ಲಿದ್ದ ಕೀಲಿಯಿಂದ ಅವನ ಕೋಣೆ ತೆರೆದು ಟೀವಿ ಹಾಕಿ ನೋಡಿದೆ. ಆ ಚಾನೆಲಿನಲ್ಲಿ ಹೆಂಗಸೊಬ್ಬಳು ವಾರ್ತೆ ಓದುತ್ತಿದ್ದಳು. ತೃಪ್ತಿಯಿಂದ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಹೆಸರಿಲ್ಲದ ದೂರೊಂದನ್ನು ಸೆಕ್ಯೂರಿಟಿಯವರ ಪೆಟ್ಟಿಗೆಗೆ ಹಾಕಿದೆ.

ಮರುದಿನ ಅವರು ಸುಧಾಕರನನ್ನು ಪ್ಲಾಂಟಿನಿಂದ ಕರೆತಂದು ಅವನ ಕೋಣೆ ತೆರೆಸಿದರು. ಟೀವಿಯಲ್ಲಿ ಅವನ ಧಾರಾವಾಹಿ ಬರುತ್ತಿತ್ತು. ಸಾಲಿನ ಉಳಿದ ಕೋಣೆಗಳನ್ನೂ ನೋಡುತ್ತ ನನ್ನ ಕೋಣೆಗೆ ಬಂದರು. ಟೀವಿ ಹಾಕಿದರೆ ಅದೇ ಹೆಂಗಸು ವಾರ್ತೆ ಓದುತ್ತಿದ್ದಳು. ನನ್ನ ರಿಸೀವರಿನಲ್ಲಿ ಆ ಚಾನೆಲನ್ನು ನಾನು ಎಂದೂ ಸೇರಿಸಿರಲಿಲ್ಲ.

ಆಗ ಸುಧಾಕರ ಮುಂದೆ ಬಂದು ಅರಬಿಯಲ್ಲಿ ಹೇಳಿದ: ಇವನು ಡಿಶ್ ಕೆಲಸದವನು, ತಾನು ಹೇಳಿದ್ದಕ್ಕೇ ಪರೀಕ್ಷಿಸುತ್ತಿದ್ದ ಎಂದು. ಹಾಗೆಂದೇ ಒಂದು ಕಾಗದ ಬರೆದು ನನ್ನತ್ತ ನೂಕಿದ.

"ಸೈನ್ ಮಾಡು ಮಾರಾಯ. ಒಂದೇ ಊರಿನವರು ನಾವು."

ಸಹಿ ಹಾಕಿದೆ. ಅವನು ನನ್ನನ್ನು ಉಳಿಸಿದ ಆ ಗಳಿಗೆಯಷ್ಟು ನಾನು ಅವನನ್ನು ಹಿಂದೆಂದೂ ದ್ವೇಷಿಸಿರಲಿಲ್ಲ.

ಸಂಜೆ ಹಮೀದನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಹಾಗಾದ್ರೆ ಅವ ಅಲ್ಲೇ ಇದ್ದಾನೆ?"

"ಇದ್ದಾನೆ."

"ನೀನೂ ಅಲ್ಲೇ ಇದ್ದೀಯ."

ಮತ್ತೆ ಅವನು ನನ್ನ ಫೋನ್ ಎತ್ತಲಿಲ್ಲ.

ನಾನೇ ತಪ್ಪಿ ನನ್ನ ಡಿಶ್ ತಿರುಗಿಸಿದೆನೆ? ಹಾಗಾದರೆ ಸುಧಾಕರನ ಟೀವಿಯಲ್ಲಿ ಆಕೆಯನ್ನು ನೋಡಿದ್ದು ಹೇಗೆ? ಆಕೆಯ ಕೋಟು ಹಸಿರೋ ನೀಲಿಯೋ, ಒಮ್ಮೊಮ್ಮೆ ಒಂದೊಂದು ನೆನಪಾಗುತ್ತದೆ. ಆದರೆ ಹಮೀದನ ಮಂಚದ ತುದಿಯಲ್ಲಿ ಕೂತು ನೋಡಿದ್ದು ನಿಜ. ಬ್ಲಾಕಿನಲ್ಲಿ ಬೇರೆ ಯಾರಿಗೂ ಡಿಶ್ ತಿರುಗಿಸುವ ಕೆಲಸ ಗೊತ್ತಿರಲಿಲ್ಲ.

ಮುಂದಿನ ಶುಕ್ರವಾರ ಸುಧಾಕರನ ಡಿಶ್ ತಿರುಗಿಸಲೆಂದು ಸ್ಪ್ಯಾನರ್ ಹಿಡಿದು ಮತ್ತೆ ತಾರಸಿ ಹತ್ತಿದೆ. ಈ ಸಲ ತಪ್ಪಬಾರದೆಂದು ಪ್ರತಿಯೊಂದು ಕೇಬಲನ್ನೂ ಬೆರಳಿನಿಂದ ಸವರುತ್ತ ಹೋದೆ. ನಾನೇ ಎಳೆದ ಕೇಬಲುಗಳು. ಮಸೀದಿಯ ಬಾಂಗ್ ಮುಗಿಯಿತು, ನಮಾಜೂ ಮುಗಿಯಿತು. ನಾಲ್ಕು ಡಿಶ್‌ಗಳಲ್ಲಿ ಸುಧಾಕರನದು ಯಾವುದೆಂದು ನನಗೆ ಗೊತ್ತಾಗಲೇ ಇಲ್ಲ.