ಎರಡು ಪೆಟ್ಟಿನ ನಂತರದ ದನಿ

ಟಕ್, ಟಕ್... ಮೊನ್ನೆ ಎದುರುಮನೆಯಲ್ಲಿ ಬಡಗಿ ಹಲಗೆಗೆ ಎರಡು ಪೆಟ್ಟು ಕೊಟ್ಟು ನಿಲ್ಲಿಸಿದ. ಕಾಫಿ ಲೋಟ ಹಿಡಿದಿದ್ದ ನಾನು ಸುಮ್ಮನೆ ಕಾದೆ. ಯಾತಕ್ಕೆ ಕಾಯುತ್ತಿದ್ದೇನೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಡಸ್ಟರಿನ ಮರದ ಬೆನ್ನಿನಿಂದ ಮೇಜಿಗೆ ಎರಡು ಪೆಟ್ಟು, ಆಮೇಲೆ "ಎಲ್ಲಾರೂ ಇತ್ತ ನೋಡ್ರಲಾ" ಎಂಬ ದನಿ... ಅದಕ್ಕೆ ಕಾಯುತ್ತಿದ್ದೆ. ಹನೂರಿನ ಕಡೆ, ಶಾಗ್ಯ ಎಂಬ ಊರಿನಿಂದ ಒಳಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಸರ್ಕಾರಿ ಶಾಲೆಯ ಮೇಷ್ಟ್ರ ದನಿ ಅದು.

ಕಾನ್ವೆಂಟಿನಲ್ಲಿ ಓದಿ, ಕೊಳ್ಳೇಗಾಲದ ಕಾನ್ವೆಂಟಿನಲ್ಲೇ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದ ನನ್ನನ್ನು ಯಾವುದೋ ಟ್ರಸ್ಟಿನವರು ಕರೆದು ಟೆಕ್ನಾಲಜಿ ಕೋಚ್ ಮಾಡಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯ ಶಾಲೆಗಳಿಗೆ ಹೋಗಿ, ಫೋನು, ಪ್ರೊಜೆಕ್ಟರುಗಳನ್ನು ಪಾಠಕ್ಕೆ ಬಳಸುವುದನ್ನು ಟೀಚರುಗಳಿಗೆ ಹೇಳಿಕೊಡಬೇಕು. ನನ್ನ ವಯಸ್ಸಿನವಳಿಗೆ ಯಾಕೆ ಆ ಕೆಲಸ ಕೊಟ್ಟರೋ. ಬಹುಶಃ ನನ್ನನ್ನು ಕಂಡರೆ ಯಾರಿಗೂ ಭಯವಾಗುತ್ತಿರಲಿಲ್ಲ. ಮೊದಲ ದಿನವೇ ಮೇಷ್ಟ್ರು ಕೇಳಿದ್ದರು, "ಕೋಚು ಅಂದ್ರೆ ಕಬಡ್ಡಿಯೋರ್ಗೆ ಇರ್ತಾರಲ್ಲ, ಅಂಗಾ ಮೇಡಮ್ಮೋರೆ? ನಮ್ಮುನ್ನೂ ಓಡಿಸ್ತೀರಾ?"

ಅವರ ದನಿ ಬಸ್ ಸ್ಟಾಪಿಗೇ ಕೇಳುತ್ತಿತ್ತು. ಒಂದು ವರ್ಷ ಅದು ಕರಕರ ಎನ್ನತೊಡಗಿತು. ಮೈಸೂರಿಗೆ ಹೋಗಿ ತೋರಿಸಿದರು. ಗಂಟಲಿನಲ್ಲಿ ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರಂತೆ. ನಾನು ಶಾಲೆಗೆ ಹೋದ ದಿನ ಇಷ್ಟನ್ನೂ ನಿಧಾನವಾಗಿ ಹೇಳಿ, ತಮ್ಮ ಫೋನನ್ನು ನನ್ನ ಮುಂದಿಟ್ಟರು.

"ನನ್ ಪಾಟನೆಲ್ಲ ಇದ್ರಲ್ಲಿ ಮಡಿಕಬೋದಾ? ಬೋರ್ಡ್ ಮೇಲೆ ನಾನ್ ಬರೀತೀನಿ, ಮಾತು ಇದ್ರಿಂದ ಬರ್ಲಿ. ಮೇಲ್ನೋರು ಆಪೀಸಲ್ಲಿ ಕುಂತ್ಕಂಡು ಕಾಗ್ದ ನೋಡ್ಕಳಿ ಅಂತಾರೆ. ಕ್ಲಾಸ್ ಬುಟ್ಟು ನನ್ ಕೈಲಾಗದಿಲ್ಲ ಮೇಡಮ್ಮೋರೆ."

ಆಗುತ್ತದೆ ಸರ್, ವೆರಿ ಈಸಿ, ಎಂದೆ.

ರೆಕಾರ್ಡಿಂಗ್ ದಿನ ಅವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದಿದ್ದರು, ಫೋನಿಗೆ ಕಣ್ಣಿದೆಯೇನೋ ಎಂಬಂತೆ. ಆಫೀಸು ಕೋಣೆಯ ಬಾಗಿಲು ಹಾಕಿ ಕೂತೆವು. "ಪ್ರಿಯ ವಿದ್ಯಾರ್ಥಿಗಳೇ, ಇಂದು ನಾವು ಭಿನ್ನರಾಶಿಯ ಪರಿಕಲ್ಪನೆಯನ್ನು ಅರಿತುಕೊಳ್ಳೋಣ..." ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಒಂದೊಂದು ಅಕ್ಷರವನ್ನೂ ತೊಳೆದು ಇಡುತ್ತಿದ್ದರು. ಚಿಕ್ಕಂದಿನಿಂದ ಡಿಕ್ಷನ್, ಡಿಕ್ಷನ್ ಎಂದು ಕೇಳಿಕೊಂಡು ಬೆಳೆದ ನನಗೂ ಅದು ಪರ್ಫೆಕ್ಟ್ ಎನ್ನಿಸಿತು.

ಮಾರನೆಯ ದಿನ ಟ್ರಯಲ್. ಅವರು ಬಾಯಿ ಬಿಗಿದು ಬೋರ್ಡಿನ ಪಕ್ಕ ನಿಂತರು, ಮೇಜಿನ ಮೇಲೆ ಪುಟ್ಟ ಸ್ಪೀಕರ್. ಮಕ್ಕಳು ಕೈಕಟ್ಟಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು. ಕೊನೆಗೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸಾ, ಈ ಸಾ ಯಾವೂರೋರು?"

ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಆಮೇಲೆ ಜಗಲಿಯಲ್ಲಿ ಕೂತು ಬೆರಳಿನ ಚಾಕ್‌ಪುಡಿಯನ್ನು ಬಹಳ ಹೊತ್ತು ಉಜ್ಜಿದರು. "ಬರೋ ವಾರ ಆಪರೇಸನ್ನು. ನಮ್ ಕ್ಲಾಸ್ ಐಕ್ಳೇ ನನ್ ದನಿ ಗುರ್ತು ಇಡೀಲಿಲ್ವಲ್ಲ..."

ಅದನ್ನೆಲ್ಲ ಅಳಿಸೋಣ, ನೀವು ದಿನಾ ಮಾಡುವ ಹಾಗೆ ಪಾಠ ಮಾಡಿ, ಫೋನು ಮೇಜಿನ ಮೇಲೆ ತನ್ನ ಪಾಡಿಗೆ ಇರಲಿ, ಎಂದೆ. ಅವರು ಅನುಮಾನದಿಂದ ನೋಡಿದರು. "ಅದ್ರಲ್ಲಿ ಬಯ್ಯಾದೂ ಬತ್ತದೆ. ಮೇಲ್ನೋರು ಕೇಳುದ್ರೆ?"

"ಕೇಳಲಿ ಬಿಡಿ ಸರ್. ಲೆಟ್ ದೆಮ್."

ಆ ವಾರ ಅವರು ನೋವು ನುಂಗಿಕೊಂಡು, ಬಿಸಿನೀರು ಕುಡಿಯುತ್ತಾ ಪಾಠ ಮಾಡಿದರು. "ಮುದ್ದೆ ಮುರುದು ಅರ್ದ ನಿಂಗೆ, ಅರ್ದ ನಿನ್ ತಂಗೀಗೆ. ದೊಡ್ದು ನೀನೇ ತಕಂಡ್ರೆ ಅದು ಅರ್ದ ಅಲ್ಲ ಕಣ್ಲಾ. ಲೇ ಮಾದೇವ, ಕಿಟಕೀಲಿ ಏನ್ಲಾ ಕಾಣ್ತದೆ? ಇತ್ತ ನೋಡು." ಕೆಮ್ಮು, ಬೆಂಚು ಎಳೆದ ಸದ್ದು, ಹೊರಗಿನ ಕೋಳಿ, ಯಾವುದನ್ನೂ ನಾನು ಕತ್ತರಿಸಲಿಲ್ಲ.

ಆಪರೇಷನ್ ಆದ ಮೇಲೆ ಅವರು ಕ್ಲಾಸಿಗೇ ಮರಳಿದರು. ನನಗೆ ಮಂಡಿನೋವು ಶುರುವಾಗಿ ಬಸ್ ಹತ್ತುವುದು ಕಷ್ಟವಾಯಿತು, ಕೆಲಸ ಬಿಟ್ಟೆ. ಮೇಷ್ಟ್ರು ಹೋಗಿಬಿಟ್ಟರು ಎಂಬ ಸುದ್ದಿಯನ್ನು ಯಳಂದೂರಿನ ಒಂದು ಮದುವೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತಾಗ, ಯಾರೋ ಟೀಚರ್ ಹೇಳಿದರು. ಅಷ್ಟರಲ್ಲಿ ಅವರು ಹೋಗಿ ತಿಂಗಳುಗಳೇ ಕಳೆದಿದ್ದವು... ಮೊನ್ನೆ ಬಡಗಿಯ ಆ ಪೆಟ್ಟಿನ ನಂತರವೂ ಏನೂ ಕೇಳಿಸಲಿಲ್ಲ. ಕಾಫಿ ಆರಿತ್ತು.

ಅವರನ್ನು ಕೊನೆಯ ಸಲ ಕಂಡದ್ದು, ಕೆಲಸ ಬಿಡುವ ಮುಂಚೆ, ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಒಂದು ಬೆಳಿಗ್ಗೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಮಾದೇವ ಮೇಲಿನ ಕ್ಲಾಸಿಗೆ ಹೋಗಿದ್ದ, ಬೆಂಚುಗಳ ಮೇಲೆ ಹೊಸ ಮಕ್ಕಳು. ನಾನು ಬಾಗಿಲಲ್ಲೇ ನಿಂತೆ. ಅವರು ಡಸ್ಟರಿನಿಂದ ಟಕ್, ಟಕ್ ಎನ್ನಿಸಿ ಫೋನು ಒತ್ತಿದರು. ಮುದ್ದೆ ಮುರಿಯಿತು, ತಂಗಿಯ ಪಾಲು ಬಂತು. "ಲೇ ಮಾದೇವ, ಕಿಟಕೀಲಿ ಏನ್ಲಾ ಕಾಣ್ತದೆ?" ಎಂದು ಸ್ಪೀಕರು ಗದರಿತು. ಕಿಟಕಿಯ ಬಳಿ ಹೊರಗೆ ನೋಡುತ್ತಿದ್ದ ಯಾವುದೋ ಹೊಸ ಹುಡುಗ ಬೆಚ್ಚಿ, ಸರಕ್ಕನೆ ತಿರುಗಿ ಮೇಷ್ಟ್ರ ಮುಖ ನೋಡಿದ.

ಮೇಷ್ಟ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನನ್ನ ಬಸ್ಸಿಗೆ ಹೊತ್ತಾಗಿತ್ತು, ಅಲ್ಲಿಂದಲೇ ಕೈಮುಗಿದೆ. ಅವರು ಡಸ್ಟರ್ ಹಿಡಿದ ಕೈ ಎತ್ತಿದರು. ಗೇಟಿನವರೆಗೂ ಅವರ ದನಿ ನನ್ನ ಹಿಂದೆ ಬಂತು.